ಸೋನ್‌ಪಾಪ್ಡಿಯ ಡಬ್ಬಿ ಯಾರದು?

ದೀಪಾವಳಿ ಪಾಡ್ಯಕ್ಕೂ ತುಳಸಿ ಮದುವೆಗೂ ನಡುವಿನ ದಿನಗಳಲ್ಲಿ ಪುಣೆ ಬಳಿಯ ನಮ್ಮ ತಳೇಗಾಂವ ದಾಭಾಡೆಯ ವಸತಿ ಸಮುಚ್ಚಯಗಳಲ್ಲಿ ಸೋನ್‌ಪಾಪ್ಡಿಯ ಡಬ್ಬಿಗಳು ಮೆಟ್ಟಿಲು ಹತ್ತುತ್ತವೆ, ಇಳಿಯುತ್ತವೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆ ನೌಕರನಿಗೆ ಕೊಟ್ಟದ್ದು ಮೇಲಿನ ಮನೆಗೆ ಹೋಗುತ್ತದೆ, ಅಲ್ಲಿಂದ ಮಕ್ಕಳ ಟ್ಯೂಷನ್ ಟೀಚರಿಗೆ, ಅಲ್ಲಿಂದ ವಾಚ್‌ಮನ್ನನ ಕೋಣೆಗೆ. ಈ ಪ್ರಯಾಣದ ಬಗ್ಗೆ ಪ್ರತಿವರ್ಷ ಫೋನಿನಲ್ಲಿ ನಗೆಹನಿಗಳು ಬರುತ್ತವೆ: ಡಬ್ಬಿ ಊರೆಲ್ಲ ಸುತ್ತಿ ಕೊಟ್ಟವರ ಮನೆಗೇ ಮರಳಿತಂತೆ, ಅದನ್ನು ಬಿಚ್ಚಿ ತಿಂದವರನ್ನು ಇದುವರೆಗೆ ಯಾರೂ ಕಂಡಿಲ್ಲವಂತೆ. ಅಮೆರಿಕದಲ್ಲಿ ಕ್ರಿಸ್‌ಮಸ್ಸಿನ ಹಣ್ಣಿನ ಕೇಕಿಗೆ ಇದೇ ಗತಿ. ಜಗತ್ತಿನಲ್ಲಿ ಇರುವುದೇ ಒಂದು ಕೇಕು, ಅದನ್ನೇ ಜನ ಒಬ್ಬರಿಂದೊಬ್ಬರಿಗೆ ಕಳಿಸುತ್ತಿದ್ದಾರೆ ಎಂಬ ಅರ್ಥದ ಮಾತನ್ನು ಟಿವಿ ನಿರೂಪಕ ಜಾನಿ ಕಾರ್ಸನ್ ಪ್ರಸಿದ್ಧಗೊಳಿಸಿದ. ಕೊಲರಾಡೊದ ಮ್ಯಾನಿಟೂ ಸ್ಪ್ರಿಂಗ್ಸ್ ಎಂಬ ಊರಿನವರು 1996ರಿಂದ ಹೊಸವರ್ಷದ ಮೊದಲ ತಿಂಗಳಲ್ಲಿ ಉಳಿದ ಕೇಕುಗಳನ್ನು ಯಾರು ಹೆಚ್ಚು ದೂರ ಎಸೆಯುತ್ತಾರೆಂದು ಪಂದ್ಯ ಕಟ್ಟುವ ರೂಢಿ ಬೆಳೆಸಿದರು. ಜನ ನಗುವುದರ ಬಗ್ಗೆ ನನಗೆ ತಕರಾರಿಲ್ಲ. ನಗುವಿನ ಅಡಿಯಲ್ಲಿ ಒಂದು ತೀರ್ಪು ಕೂತಿದೆ, ನನ್ನ ತಕರಾರು ಅದರ ಬಗ್ಗೆ. ಬಂದ ಉಡುಗೊರೆಯನ್ನು ಇನ್ನೊಬ್ಬರಿಗೆ ದಾಟಿಸುವುದು ಸಣ್ಣತನ, ಕೊಟ್ಟವರಿಗೂ ಪಡೆದವರಿಗೂ ಮಾಡಿದ ಅವಮಾನ ಎಂಬುದು ಆ ತೀರ್ಪು. ನನ್ನ ನೆರೆಹೊರೆಯ ಕನ್ನಡದ ಮನೆಗಳಲ್ಲೂ ಮರಾಠಿ ಮನೆಗಳಲ್ಲೂ ಒಳ್ಳೆಯ ಮನಸ್ಸಿನವರೇ ಇದನ್ನು ನಂಬಿದ್ದಾರೆ. ದಾಟಿಸಲು ನಾಚಿ, ತಿನ್ನಲಾಗದೆ, ಕೊನೆಗೆ ಅವಧಿ ಮುಗಿದ ಡಬ್ಬಿಯನ್ನು ಕಸದ ಗಾಡಿಗೆ ಹಾಕುತ್ತಾರೆ.

ಈ ನಂಬಿಕೆ ಹುರುಳಿಲ್ಲದ್ದೇನೂ ಅಲ್ಲ. ಅದಕ್ಕೆ ಮೂರು ಆಧಾರಗಳಿವೆ. ಅವನ್ನು ಪೂರ್ಣ ಬಲದಲ್ಲಿಯೇ ಮುಂದಿಡುತ್ತೇನೆ.

1. ಉಡುಗೊರೆ ಬರಿಯ ವಸ್ತುವಲ್ಲ. ಕೊಟ್ಟವರ ಲಕ್ಷ್ಯ ಅದರಲ್ಲಿ ಸೇರಿಕೊಂಡಿರುತ್ತದೆ. ವಸ್ತುವನ್ನು ಕಳಚಿಕೊಂಡರೆ ಆ ಲಕ್ಷ್ಯವನ್ನೂ ಕಳಚಿಕೊಂಡ ಹಾಗೆ.

2. ದಾಟಿಸುವವರು ಅದನ್ನು ತಾವೇ ಆರಿಸಿ ತಂದಂತೆ ನಟಿಸಬೇಕಾಗುತ್ತದೆ. ಅಷ್ಟರಮಟ್ಟಿಗೆ ಅದು ಸುಳ್ಳು.

3. ಹಬ್ಬದ ಋಣವನ್ನು ಇನ್ನೊಬ್ಬರ ದುಡ್ಡಿನಲ್ಲಿ ತೀರಿಸಿದಂತಾಗುತ್ತದೆ. ನಮ್ಮ ಗಂಟಿನಿಂದ ಏನೂ ಹೋಗದಿದ್ದರೆ ಅದು ಕೊಡುವುದು ಹೇಗಾದೀತು?

ಮೊದಲನೆಯದನ್ನು ನೋಡೋಣ. ಕೊಟ್ಟವರ ಲಕ್ಷ್ಯ ವಸ್ತುವಿನಲ್ಲಿ ಉಳಿದಿರುತ್ತದೆ ಎಂದು ಒಪ್ಪಿಕೊಂಡರೂ, ಅದರಿಂದ ಕೊಟ್ಟವರ ಹಕ್ಕು ಉಳಿದಿರುತ್ತದೆ ಎಂದು ಸಿದ್ಧವಾಗುವುದಿಲ್ಲ. ನಮ್ಮ ಸಂಪ್ರದಾಯ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ದಾನ ಕೊಡುವಾಗ ನೀರು ಬಿಡುತ್ತಾರೆ, ತುಳಸಿದಳ ಇಡುತ್ತಾರೆ, ಇದು ನನ್ನದಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ. ಧಾರೆ ಎರೆದ ಮೇಲೆ ವಸ್ತುವಿನ ಮೇಲೆ ಕಣ್ಣಿಡುವುದೂ ದೋಷ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದಕ್ಕೆ ದತ್ತಾಪಹಾರವೆಂಬ ಹೆಸರಿಟ್ಟು ಪಾಪಗಳ ಸಾಲಿಗೆ ಸೇರಿಸಿದ್ದಾರೆ. ‘ಕೊಟ್ಟೆ, ಆದರೆ ನೀನೇ ತಿನ್ನಬೇಕು, ಬೇರೆಯವರಿಗೆ ಕೊಡಕೂಡದು’ ಎನ್ನುವವರು ವಸ್ತುವಿನ ಅರ್ಧವನ್ನು ಮಾತ್ರ ಕೊಟ್ಟು, ಅದರ ಮೇಲಿನ ಅಧಿಕಾರವನ್ನು ಇಟ್ಟುಕೊಂಡಿದ್ದಾರೆ. ನಮ್ಮ ಊರಿನ ಚರಿತ್ರೆಯಲ್ಲೇ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ತಳೇಗಾಂವದ ಪೈಸಾ ಫಂಡ್ ಗಾಜಿನ ಕಾರ್ಖಾನೆ 1908ರಲ್ಲಿ ಶುರುವಾದದ್ದು ಜನ ಒಂದೊಂದು ಪೈಸೆ ಹಾಕಿ ಕೂಡಿಸಿದ ನಿಧಿಯಿಂದ. ಯೋಜನೆ ಅಂತಾಜಿ ದಾಮೋದರ ಕಾಳೆಯವರದು, ಬೆಂಬಲ ಟಿಳಕರದು. ಪೈಸೆ ಹಾಕಿದವರು ಅದು ಯಾವ ಕೈಗೆ ಹೋಯಿತು, ಯಾವ ಕುಲುಮೆಯಲ್ಲಿ ಉರಿಯಿತು ಎಂದು ಬೆನ್ನುಹತ್ತಿದ್ದರೆ ಒಂದು ಗಾಜಿನ ಚಿಮಣಿಯೂ ಹುಟ್ಟುತ್ತಿರಲಿಲ್ಲ. ಕೊಟ್ಟದ್ದು ಕೈ ದಾಟಿ ದಾಟಿಯೇ ಕಾರ್ಖಾನೆಯಾಯಿತು.

ಹಕ್ಕು ಬೇರೆ, ನೋವು ಬೇರೆ. ಹಕ್ಕಿಲ್ಲದವರಿಗೂ ನೋವಾಗಬಹುದಲ್ಲ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ತರ್ಕದಿಂದ ಉತ್ತರ ಸಿಗದು, ಜನರನ್ನೇ ಕೇಳಬೇಕು. ಗೇಬ್ರಿಯೆಲ್ ಆಡಮ್ಸ್, ಫ್ರಾನ್ಸಿಸ್ ಫ್ಲಿನ್, ಮೈಕೆಲ್ ನಾರ್ಟನ್ ಎಂಬ ಮೂವರು ಸಂಶೋಧಕರು 2012ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಇಂಥ ವಿಚಾರಣೆಯ ಫಲಿತಾಂಶ ಪ್ರಕಟಿಸಿದರು. ಪಡೆದವರು, ಉಡುಗೊರೆ ದಾಟಿಸಿದರೆ ಕೊಟ್ಟವರಿಗೆ ಅದನ್ನು ಕಸಕ್ಕೆ ಎಸೆದಷ್ಟೇ ನೋವಾಗುತ್ತದೆ ಎಂದು ಭಾವಿಸಿದ್ದರು. ಕೊಟ್ಟವರ ಅಭಿಪ್ರಾಯವೇ ಬೇರೆ. ದಾಟಿಸುವುದು ಅವರಿಗೆ ಅಷ್ಟೇನೂ ದೊಡ್ಡ ವಿಷಯವಾಗಿರಲಿಲ್ಲ, ಎಸೆಯುವುದು ಮಾತ್ರ ಬಹಳ ನೋಯಿಸುವಂಥದ್ದಾಗಿತ್ತು. ಅಮೆರಿಕದ ಅಧ್ಯಯನ ನಮಗೆ ಹಾಗೆಹಾಗೆಯೇ ಒಪ್ಪುತ್ತದೆಂದು ನಾನು ಹೇಳಲಾರೆ. ಆದರೆ ನನ್ನ ನೆರೆಯವರ ನಡವಳಿಕೆಗೆ ಅದು ಕನ್ನಡಿ ಹಿಡಿದಂತಿದೆ: ಕೊಟ್ಟವರಿಗೆ ನೋವಾದೀತೆಂದು ದಾಟಿಸದೆ ಇಟ್ಟುಕೊಂಡು, ಕೊನೆಗೆ ಅವರಿಗೆ ನಿಜವಾಗಿ ನೋವಾಗುವ ಕೆಲಸವನ್ನೇ ಮಾಡುತ್ತಾರೆ.

ಎರಡನೆಯ ಆಧಾರ ಸುಳ್ಳಿನದು. ಎಲ್ಲ ಬಗೆಯ ಕೊಡುವಿಕೆಯನ್ನೂ ಒಂದೇ ಎಂದು ತಿಳಿದಾಗ ಹುಟ್ಟುವ ಗೊಂದಲ ಇದು, ನಮ್ಮ ರೂಢಿಗಳೇ ಇದನ್ನು ಬಿಡಿಸಿ ಇಟ್ಟಿವೆ. ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವಿರುತ್ತದೆ. ಯಾರು ಎಷ್ಟು ಕೊಟ್ಟರೆಂದು ಬರೆದಿಟ್ಟು, ಅವರ ಮನೆಯ ಮದುವೆಯಲ್ಲಿ ಅಷ್ಟನ್ನೋ ಒಂದು ಕೈ ಹೆಚ್ಚೋ ಮರಳಿಸುತ್ತಾರೆ. ಬೆಳಗಾವಿ, ವಿಜಯಪುರದ ಕಡೆಯವರು ಆಹೇರು ಎನ್ನುವುದೂ ಇದನ್ನೇ. ಅಲ್ಲಿ ಲೆಕ್ಕವಿದೆ, ಲೆಕ್ಕ ತಪ್ಪಿದರೆ ಮನಸ್ತಾಪವಿದೆ. ಎಳ್ಳು ಬೀರುವುದರ ರೀತಿ ಬೇರೆ. ಸಂಕ್ರಾಂತಿಯ ಸಂಜೆ ಹತ್ತು ಮನೆಯಿಂದ ಬಂದ ಎಳ್ಳು ಒಂದೇ ಡಬ್ಬಿಗೆ ಬೀಳುತ್ತದೆ, ಹನ್ನೊಂದನೆಯ ಮನೆಯವರು ಬಂದಾಗ ಅದೇ ಡಬ್ಬಿಯಿಂದ ಹೋಗುತ್ತದೆ. ಯಾವ ಎಳ್ಳು ಯಾರದೆಂದು ಕೇಳಿದರೆ ನಗುತ್ತಾರೆ. ಅರಿಶಿನ ಕುಂಕುಮದ ಜೊತೆ ಕೊಡುವ ರವಿಕೆ ಖಣವಂತೂ ಹೊಲಿಗೆ ಕಾಣದೆ ವರ್ಷಗಟ್ಟಲೆ ಮಡಿಲಿಂದ ಮಡಿಲಿಗೆ ಸಾಗುತ್ತದೆ. ಕೊಡುವ ಹೆಂಗಸಿಗೂ ಅದು ಗೊತ್ತು, ತೆಗೆದುಕೊಳ್ಳುವ ಹೆಂಗಸಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವ ವಿಷಯದಲ್ಲಿ ಮೋಸಹೋಗುವವರು ಯಾರೂ ಇಲ್ಲ. ಇನ್ನು ದಸರೆಯ ಬನ್ನಿ. ಇಲ್ಲಿ ಮಾವಳದ ಹಳ್ಳಿಗಳಲ್ಲಿ ಆಪಟಾ ಎಲೆಯನ್ನು ಸೋನೆ ಎಂದು ಕೊಡುತ್ತಾರೆ, ನಮ್ಮ ಕಡೆ ಬನ್ನಿಯ ಎಲೆಯನ್ನು ಬಂಗಾರವೆಂದು ಕೊಡುತ್ತೇವೆ. ಒಬ್ಬರು ಕೊಟ್ಟ ಎಲೆಯನ್ನೇ ಅವರ ಕಣ್ಣೆದುರಿಗೆ ಮುಂದಿನವರ ಕೈಗಿಟ್ಟು ನಮಸ್ಕರಿಸುತ್ತೇವೆ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1922ರ ತನ್ನ ಗ್ರಂಥದಲ್ಲಿ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳ ಕುಲಾ ಪದ್ಧತಿಯನ್ನು ವರ್ಣಿಸಿದ್ದಾನೆ. ಅಲ್ಲಿ ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿ ಸುತ್ತುತ್ತವೆ, ಬಿಳಿ ಚಿಪ್ಪಿನ ಕಡಗಗಳು ಎದುರು ದಿಕ್ಕಿನಲ್ಲಿ. ಬಂದದ್ದನ್ನು ಮುಂದಕ್ಕೆ ಕೊಡದೆ ಬಹಳ ಕಾಲ ಇಟ್ಟುಕೊಂಡವನಿಗೆ ಕೆಟ್ಟ ಹೆಸರು. ಅಂದರೆ ದಾಟಿಸುವುದು ಎಲ್ಲ ಕಾಲದಲ್ಲೂ ಎಲ್ಲ ಕಡೆಯೂ ಅಗೌರವವೆಂಬ ಮಾತು ನಿಲ್ಲುವುದಿಲ್ಲ. ಕೆಲವು ವಸ್ತುಗಳು ನಿಲ್ಲಲೆಂದು ಬರುತ್ತವೆ, ಕೆಲವು ದಾಟಲೆಂದೇ ಬರುತ್ತವೆ. ನಿಲ್ಲಲೆಂದು ಬಂದದ್ದನ್ನು ದಾಟಿಸಿ, ‘ನಿಮಗಾಗಿಯೇ ಹುಡುಕಿ ತಂದೆ’ ಎಂದರೆ ಅದು ಸುಳ್ಳು, ಆ ಸುಳ್ಳನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಅಲ್ಲಿನ ತಪ್ಪು ಆಡಿದ ಮಾತಿನದು. ‘ನಮಗೆ ನಾಲ್ಕು ಡಬ್ಬಿ ಬಂದಿವೆ, ನಿಮ್ಮಲ್ಲಿ ತಿನ್ನುವವರಿದ್ದಾರೆ’ ಎಂದು ಹೇಳಿ ಕೊಟ್ಟರೆ ಆ ತಪ್ಪು ಉಳಿಯುವುದಿಲ್ಲ.

ಹಾಗಾದರೆ ಸೋನ್‌ಪಾಪ್ಡಿಯ ಡಬ್ಬಿ ಯಾವ ಜಾತಿಗೆ ಸೇರಿದ್ದು? ಇದಕ್ಕೆ ಅದು ಬಂದ ದಾರಿಯನ್ನು ನೋಡಬೇಕು. ದೀಪಾವಳಿಗೆ ಇಲ್ಲಿನ ಮನೆಗಳ ನಡುವೆ ಎರಡು ಬಗೆಯ ತಿನಿಸು ಓಡಾಡುತ್ತದೆ. ಒಂದು ಫರಾಳದ ತಟ್ಟೆ: ಚಕಲಿ, ಚಿವಡಾ, ಕರಂಜಿ, ಶಂಕರಪಾಳಿ, ಅನಾರಸೆ, ಬೇಸನ್ ಲಾಡು, ಮೇಲೊಂದು ಕೈಹೊಲಿಗೆಯ ಬಟ್ಟೆ. ನಮ್ಮ ಮನೆಯಿಂದ ಚಕ್ಕುಲಿ, ಕರ್ಚಿಕಾಯಿ, ಬೇಸನ್ ಉಂಡಿ ಹೋಗುತ್ತವೆ. ತಟ್ಟೆಗೆ ಒಂದು ನಿಯಮವಿದೆ, ಅದು ಖಾಲಿ ಮರಳಕೂಡದು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಹೀಗೆ ತಟ್ಟೆಗೆ ಒಡತಿಯಿದ್ದಾಳೆ, ಅವಳ ಕೈರುಚಿಯಿದೆ, ಉತ್ತರ ಕೇಳುವ ಗುಣವಿದೆ. ತಟ್ಟೆಯಲ್ಲಿ ಬಂದ ಅನಾರಸೆಯನ್ನು ಪಕ್ಕದ ಮನೆಗೆ ಸಾಗಹಾಕಿದರೆ ನನಗೂ ಸರಿಯೆನಿಸುವುದಿಲ್ಲ. ರೂಢಿಯ ನಂಬಿಕೆ ಅಲ್ಲಿ ಪೂರ್ತಿ ಸರಿ. ಎರಡನೆಯದು ಡಬ್ಬಿ. ಅದನ್ನು ಕಂಪನಿಯ ಖರೀದಿ ವಿಭಾಗ ನೂರಾರರ ಲೆಕ್ಕದಲ್ಲಿ ತರಿಸುತ್ತದೆ. ಸರಬರಾಜುದಾರ ತನ್ನ ಗಿರಾಕಿಗಳಿಗೆಲ್ಲ ಒಂದೇ ಕಾಗದ ಸುತ್ತಿ ಕಳಿಸುತ್ತಾನೆ. ಪಡೆಯುವವರಿಗೆ ಸಕ್ಕರೆ ಕಾಯಿಲೆಯೋ, ಮನೆಯಲ್ಲಿ ಮಕ್ಕಳಿದ್ದಾರೋ, ಯಾರೂ ಕೇಳಿರುವುದಿಲ್ಲ. ಡಬ್ಬಿ ಹಿಂದಿರುಗಿಸಬೇಕಾದದ್ದಲ್ಲ, ಹಾಗಾಗಿ ಅದು ಉತ್ತರವನ್ನೂ ಕೇಳುವುದಿಲ್ಲ. ಹಬ್ಬದಂದು ನಿಮ್ಮನ್ನು ಮರೆತಿಲ್ಲ ಎಂಬ ಗುರುತು ಅದು. ಗುರುತು ತಲುಪಿದ ಕ್ಷಣಕ್ಕೆ ಅದರ ಕೆಲಸ ಮುಗಿಯಿತು. ಉಳಿದದ್ದು ಅರ್ಧ ಕಿಲೋ ತಿಂಡಿ.

ಮೊದಲ ಆಧಾರದ ಬುಡ ಅಲುಗಾಡುವುದು ಇಲ್ಲಿ. ಕೊಟ್ಟವರ ಲಕ್ಷ್ಯವನ್ನು ಕಳಚಬೇಡಿ ಎನ್ನುತ್ತಾರೆ, ಆದರೆ ಡಬ್ಬಿಯ ಹಿಂದೆ ಅಂಥ ಲಕ್ಷ್ಯ ಇರಲೇ ಇಲ್ಲ. ನಮ್ಮ ಎದುರಿನ ಕಟ್ಟಡದಲ್ಲಿ ಒಬ್ಬ ಹುಡುಗನಿದ್ದಾನೆ, ಸೋನ್‌ಪಾಪ್ಡಿ ಎಂದರೆ ಅವನಿಗೆ ಪ್ರಾಣ. ಅವನನ್ನು ನೆನೆಸಿಕೊಂಡು ಡಬ್ಬಿಯನ್ನು ಅಲ್ಲಿಗೆ ಒಯ್ದು ಕೊಟ್ಟರೆ, ಕಾರ್ಖಾನೆಯಿಂದ ಹೊರಟ ಮೇಲೆ ಆ ಡಬ್ಬಿಯನ್ನು ಒಬ್ಬ ಮನುಷ್ಯನಿಗಾಗಿ ಯಾರಾದರೂ ಆರಿಸಿದ್ದು ಅದೇ ಮೊದಲು. ಮೂರನೆಯ ಆಧಾರಕ್ಕೂ ಇದೇ ಉತ್ತರ. ಗಂಟಿನಿಂದ ದುಡ್ಡು ಹೋಗಲಿಲ್ಲ, ನಿಜ. ಆದರೆ ಕಂಪನಿಯ ದುಡ್ಡು ಹೋದಾಗಲೂ ಯಾರೂ ನನ್ನನ್ನು ನೆನೆಸಿರಲಿಲ್ಲ. ಖರ್ಚಾದ ಹಣವನ್ನೇ ಕೊಡುವುದರ ಗುರುತೆಂದು ಹಿಡಿದರೆ ಕಂಪನಿ ನನಗೆ ಕೊಟ್ಟದ್ದು ಉಡುಗೊರೆ, ನಾನು ಆ ಹುಡುಗನಿಗೆ ಕೊಟ್ಟದ್ದು ಉಡುಗೊರೆಯಲ್ಲ ಎಂದಾಗುತ್ತದೆ. ಇದನ್ನು ಒಪ್ಪಲು ನನ್ನಿಂದಾಗದು.

ಸೋನ್‌ಪಾಪ್ಡಿಯ ಮೇಲೆ ಬಿದ್ದಿರುವ ಅಪವಾದವನ್ನೂ ಇಲ್ಲಿ ಪರೀಕ್ಷಿಸಬೇಕು, ಏಕೆಂದರೆ ‘ಯಾರೂ ತಿನ್ನದ ತಿಂಡಿ’ ಎಂಬ ಮಾತೇ ದಾಟಿಸುವವರ ನಾಚಿಕೆಗೆ ಅರ್ಧ ಕಾರಣ. ಸಕ್ಕರೆ ಪಾಕವನ್ನು ಗಟ್ಟಿಯಾಗುವವರೆಗೆ ಕಾಯಿಸಿ, ಕೊಬ್ಬಿನಲ್ಲಿ ಹುರಿದ ಕಡಲೆಹಿಟ್ಟು ಮೈದಾದೊಳಗೆ ಮತ್ತೆ ಮತ್ತೆ ಎಳೆದು ಮಡಿಸುತ್ತಾ ಹೋದರೆ ಆ ಕೂದಲಿನಂಥ ಎಳೆಗಳು ಬರುತ್ತವೆ. ಅದರಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಗಾಳಿ ಆಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಖೋವಾದ ಪೇಢೆ, ಬರ್ಫಿ ಕೆಲವೇ ದಿನಗಳಲ್ಲಿ ಹುಳಿಯುತ್ತವೆ. ಈಗ ಯೋಚಿಸಿ: ಮನೆಗೆ ಬೇಡವಾದ ಪೇಢೆಯೂ ಬಂದಿತು, ಬೇಡವಾದ ಸೋನ್‌ಪಾಪ್ಡಿಯೂ ಬಂದಿತು. ಪೇಢೆ ಮೂರನೆಯ ದಿನ ಫ್ರಿಜ್ಜಿನಿಂದ ನೇರ ಕಸಕ್ಕೆ ಹೋಯಿತು, ಅದರ ಬಗ್ಗೆ ಯಾರೂ ನಗೆಹನಿ ಕಟ್ಟಲಿಲ್ಲ. ಕೆಡದೆ ಉಳಿದದ್ದು ಮಾತ್ರ ದಾಟಿತು, ದಾಟಿದ್ದು ಮಾತ್ರ ಎಲ್ಲರ ಕಣ್ಣಿಗೆ ಬಿತ್ತು. ನಾವು ಅದರ ಬಾಳಿಕೆಯನ್ನು ಅದರ ರುಚಿಯ ದೋಷವೆಂದು ಓದಿದೆವು. ಹಣ್ಣಿನ ಕೇಕಿಗೆ ಆದದ್ದೂ ಇದೇ. ಸಕ್ಕರೆ, ಒಣಹಣ್ಣು, ಮದ್ಯ ಸೇರಿದ ಆ ಕೇಕು ಎಷ್ಟು ಬಾಳುತ್ತದೆಂದರೆ, ಧ್ರುವಾನ್ವೇಷಕ ಸ್ಕಾಟನ ಟೆರಾ ನೋವಾ ಯಾತ್ರೆಯವರು ಅಂಟಾರ್ಕ್ಟಿಕಾದ ಕೇಪ್ ಅಡೇರ್‌ನ ಗುಡಿಸಲಿನಲ್ಲಿ ಬಿಟ್ಟುಹೋಗಿದ್ದ ಹಂಟ್ಲಿ ಅಂಡ್ ಪಾಮರ್ಸ್ ಕಂಪನಿಯ ಕೇಕೊಂದು ಸುಮಾರು 106 ವರ್ಷಗಳ ಮೇಲೆ, 2017ರಲ್ಲಿ, ಆಕಾರ ಕೆಡದೆ ಸಿಕ್ಕಿತು.

ತಿಂಡಿಗೂ ಅಪಹಾಸ್ಯಕ್ಕೂ ನೇರ ಸಂಬಂಧವಿಲ್ಲ ಎಂಬುದಕ್ಕೆ ಇನ್ನೂ ಬಲವಾದ ಸಾಕ್ಷಿಯಿದೆ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ವಾರಗಳ ಮುಂಚೆಯೇ ಒಣಹಣ್ಣನ್ನು ರಮ್ಮಿನಲ್ಲಿ ನೆನೆಹಾಕಿ ಪ್ಲಮ್ ಕೇಕ್ ಮಾಡುತ್ತಾರೆ. ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ರೋಸ್ ಕುಕ್ಕಿಗಳ ಪಕ್ಕದಲ್ಲಿ ಅದರ ತುಂಡುಗಳನ್ನಿಟ್ಟು ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಕಳಿಸುತ್ತಾರೆ. ಆ ಕೇಕನ್ನು ಯಾರೂ ಹಾಸ್ಯ ಮಾಡಿದ್ದು ನಾನು ಕೇಳಿಲ್ಲ. ಮಕ್ಕಳು ತಟ್ಟೆಯ ದಾರಿ ಕಾಯುತ್ತಾರೆ. ಅದೇ ಬಗೆಯ ಕೇಕು ಅಮೆರಿಕದಲ್ಲಿ ತಗಡಿನ ಡಬ್ಬಿಯಲ್ಲಿ ಅಂಚೆಯ ಮೂಲಕ ಬರುತ್ತದೆ. 1896ರಲ್ಲಿ ಆರಂಭವಾದ ಟೆಕ್ಸಸ್ಸಿನ ಕಾಲಿನ್ ಸ್ಟ್ರೀಟ್ ಬೇಕರಿ ಹೀಗೆ ದೂರದೂರಕ್ಕೆ ಕೇಕು ಕಳಿಸಿಯೇ ಹೆಸರಾಯಿತು. ವಿಳಾಸದ ಪಟ್ಟಿ ಹಿಡಿದು ಕಳಿಸುವ ಉಡುಗೊರೆಗೆ ಆ ದೇಶದಲ್ಲಿ ಕೇಕು ಮಾದರಿಯಾಯಿತು, ಅಪಹಾಸ್ಯಕ್ಕೂ ಅದೇ ಗುರಿಯಾಯಿತು. ಸೋನ್‌ಪಾಪ್ಡಿಯ ಕಥೆಯೂ ಹೀಗೆಯೇ. ರಾತ್ರಿ ಗಂಟೆ ಬಾರಿಸುತ್ತಾ, ದೊಡ್ಡ ಗಾಜಿನ ಬುರುಡೆಗೆ ದೀಪ ಹಚ್ಚಿದ ತಳ್ಳುಗಾಡಿ ಬೀದಿಗೆ ಬಂದರೆ ಪುಟ್ಟ ಕಾಗದದ ಪೊಟ್ಟಣಕ್ಕಾಗಿ ಓಡುತ್ತಿದ್ದವರು ನಾವೇ. ತಿಂಡಿ ಅಂದಿನದೇ. ಬಂದ ದಾರಿ ಬದಲಾಯಿತು.

ಇಷ್ಟು ಕೇಳಿದ ಮೇಲೆ ಲೆಕ್ಕ ಬಲ್ಲವರು ಕೇಳುತ್ತಾರೆ: ಹಾಗಾದರೆ ಡಬ್ಬಿಯನ್ನೇ ನಿಲ್ಲಿಸಿ ದುಡ್ಡು ಕೊಡಬಹುದಲ್ಲ? ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರ ಪ್ರಬಂಧದಲ್ಲಿ ಇದನ್ನೇ ವಾದಿಸಿದ. ಪಡೆದವರು ಉಡುಗೊರೆಗೆ ಕಟ್ಟುವ ಬೆಲೆ, ಕೊಟ್ಟವರು ತೆತ್ತ ಬೆಲೆಗಿಂತ ಶೇಕಡಾ 10ರಿಂದ ಮೂರನೇ ಒಂದರಷ್ಟು ಕಡಿಮೆಯಿರುತ್ತದೆ, ಅಷ್ಟು ಹಣ ಯಾರಿಗೂ ದಕ್ಕದೆ ಹೋಗುತ್ತದೆ ಎಂಬುದು ಅವನ ಲೆಕ್ಕ. ಕಂಪನಿಯ ಡಬ್ಬಿಗೆ ಸಂಬಂಧಿಸಿ ಈ ವಾದವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಅದು ವಸ್ತು ಪಡೆದವರ ಬಳಿಯೇ ನಿಂತುಬಿಡುತ್ತದೆಂದು ಭಾವಿಸಿಕೊಂಡ ಲೆಕ್ಕ. ಬೇಡದವರಿಂದ ಬೇಕಾದವರಿಗೆ ವಸ್ತು ದಾಟಿದರೆ ಆ ನಷ್ಟ ಕಡಿಮೆಯಾಗುತ್ತದೆ, ಕೆಲವೊಮ್ಮೆ ಪೂರ್ತಿ ಅಳಿಸಿಹೋಗುತ್ತದೆ. ದಾಟಿಸುವುದನ್ನು ನಾಚಿಕೆಗೇಡೆನ್ನುವ ನಂಬಿಕೆಯೇ ನಷ್ಟವನ್ನು ಅಲ್ಲಿಯೇ ಹೆಪ್ಪುಗಟ್ಟಿಸುತ್ತದೆ.

ನನ್ನನ್ನು ನಿಜವಾಗಿ ಕಾಡುವ ಆಕ್ಷೇಪ ಬೇರೆಯದು, ರೂಢಿಯ ನಂಬಿಕೆಯವರು ಅದನ್ನು ಎತ್ತುವುದಿಲ್ಲ. ಡಬ್ಬಿಗಳು ಸಮತಲದಲ್ಲಿ ಸುತ್ತುವುದಿಲ್ಲ, ಇಳಿಜಾರಿನಲ್ಲಿ ಇಳಿಯುತ್ತವೆ. ಮ್ಯಾನೇಜರನಿಂದ ಗುಮಾಸ್ತನಿಗೆ, ಗುಮಾಸ್ತನ ಮನೆಯಿಂದ ಮನೆಗೆಲಸದ ಮಾವಶಿಗೆ, ವಾಚ್‌ಮನ್ನನಿಗೆ, ಕಸ ಒಯ್ಯುವವನಿಗೆ. ಬನ್ನಿಯ ಎಲೆಯನ್ನು ಕೊಟ್ಟವರು ಮರುಕ್ಷಣ ಪಡೆಯುತ್ತಾರೆ, ಎಳ್ಳು ಎರಡೂ ದಿಕ್ಕಿಗೆ ಹೋಗುತ್ತದೆ. ಡಬ್ಬಿಯ ಕೊನೆಯ ನಿಲ್ದಾಣದಲ್ಲಿ ಮಾತ್ರ ಬೇಡ ಎನ್ನಲಾಗದವರು ನಿಂತಿರುತ್ತಾರೆ. ಕಠೋಪನಿಷತ್ತು ಆರಂಭವಾಗುವುದೇ ಈ ಪ್ರಶ್ನೆಯಿಂದ. ವಾಜಶ್ರವಸ ಸರ್ವಸ್ವವನ್ನೂ ದಾನ ಮಾಡುತ್ತೇನೆಂದು ಹೊರಟು, ಕೊನೆಯ ನೀರು ಕುಡಿದು, ಕೊನೆಯ ಹುಲ್ಲು ಮೇದು, ಹಾಲು ಬತ್ತಿದ ಹಸುಗಳನ್ನು ದಕ್ಷಿಣೆಯಾಗಿ ಕೊಡುತ್ತಾನೆ. ಮಗ ನಚಿಕೇತನಿಗೆ ಅದನ್ನು ನೋಡಿ ಸಹಿಸಲಾಗುವುದಿಲ್ಲ. ಹಸುಗಳು ತಂದೆಗೆ ಬೇಡವಾಗಿದ್ದವೆಂಬುದು ಅಲ್ಲಿ ದೋಷವಲ್ಲ. ಅವು ಪಡೆದವರಿಗೂ ಉಪಯೋಗವಿಲ್ಲ, ಸಾಕುವ ಹೊರೆ ಮಾತ್ರ ಅವರದಾಗುತ್ತದೆ, ಆದರೂ ದಾನದ ಹೆಸರು ಕೊಟ್ಟವನಿಗೆ ಸಲ್ಲುತ್ತದೆ. ನನಗೆ ಬೇಡವಾದದ್ದು ಮತ್ತು ಯಾರಿಗೂ ಬೇಡವಾದದ್ದು, ಈ ಎರಡರ ನಡುವಿನ ಗೆರೆಯನ್ನು ಆ ಕಥೆ ಕಿವಿಹಿಂಡಿ ತೋರಿಸುತ್ತದೆ. ಸಕ್ಕರೆ ನೀರಾಡಿ ಎಳೆಗಳು ಮುದ್ದೆಯಾದ, ಕೊಬ್ಬು ಕಮಟು ವಾಸನೆ ಬರುವ ಡಬ್ಬಿ ಹಾಲು ಬತ್ತಿದ ಹಸು. 2020ರ ಅಕ್ಟೋಬರ್ 1ರಿಂದ ಮಿಠಾಯಿ ಅಂಗಡಿಯವರು ಬಿಡಿ ಸಿಹಿತಿಂಡಿಗೂ ಯಾವ ದಿನದೊಳಗೆ ತಿನ್ನಬೇಕೆಂದು ಬರೆದು ತೋರಿಸಬೇಕೆಂಬ ನಿಯಮ ಬಂದಿದೆ. ಅಂಗಡಿಯವನಿಗೆ ಕಾನೂನು ಹೇಳಿದ್ದನ್ನು ಮನೆಯವರು ತಾವಾಗಿ ಪಾಲಿಸದಿರಲು ಕಾರಣ ಕಾಣೆ.

ಇದಕ್ಕಿಂತ ದೊಡ್ಡ ಅನ್ಯಾಯವೆಂದರೆ, ಕೊಡಬೇಕಾದದ್ದರ ಜಾಗದಲ್ಲಿ ಡಬ್ಬಿ ಬಂದು ಕೂರುವುದು. 1965ರ ಬೋನಸ್ ಕಾಯ್ದೆ, ನಂತರದ ತಿದ್ದುಪಡಿಗಳ ಮೂಲಕ, ಕಾರ್ಖಾನೆಯ ನೌಕರನಿಗೆ ಕನಿಷ್ಠ ಶೇಕಡಾ 8.33ರಷ್ಟು, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳದಷ್ಟು ಬೋನಸ್ ನಿಗದಿಮಾಡಿತು. ಮನೆಗೆಲಸದವರು ಅದರ ವ್ಯಾಪ್ತಿಗೆ ಬರಲಿಲ್ಲ. ಅವರಿಗೆ ದೀಪಾವಳಿಯ ಬೋನಸ್ ರೂಢಿಯಿಂದ, ಮನೆಯವರ ಮನಸ್ಸಿನಿಂದ ಸಿಗಬೇಕು. ಆ ರೂಢಿಯ ಹಣವನ್ನು ಕಡಿಮೆ ಮಾಡಿ, ಎರಡು ಡಬ್ಬಿ ಕೊಟ್ಟೆವಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಮನೆಗಳಿವೆ. ಇಲ್ಲಿ ದಾಟಿಸುವುದು ಖಂಡಿತ ಅವಮಾನ, ಮೂರನೆಯ ಆಧಾರ ಇಲ್ಲಿ ಪೂರ್ಣ ಬಲದಿಂದ ನಿಲ್ಲುತ್ತದೆ: ನಮ್ಮ ಋಣವನ್ನು ಇನ್ನೊಬ್ಬರ ಡಬ್ಬಿಯಿಂದ ತೀರಿಸಿದ್ದೇವೆ. ರೂಢಿಯ ನಂಬಿಕೆ ಕೊಟ್ಟವರ ಮುಖವನ್ನೇ ನೋಡುತ್ತಾ ನಿಂತದ್ದರಿಂದ ಅದಕ್ಕೆ ಇದು ಕಾಣಲಿಲ್ಲ. ಹಿಂದೆ ಕೊಟ್ಟವರು ಬೇಸರಪಟ್ಟಾರೆಯೇ ಎಂದು ಅಳುಕುವವರು, ಮುಂದೆ ತೆಗೆದುಕೊಳ್ಳುವವರಿಗೆ ಬೇಕೇ ಎಂದು ಕೇಳುವುದಿಲ್ಲ.

ಕೇಳಬೇಕಾದ ರೀತಿಯೂ ಮುಖ್ಯ. ಡಬ್ಬಿ ಕೈಯಲ್ಲಿ ಹಿಡಿದು ‘ತಗೊಳ್ಳಿ’ ಎಂದರೆ ಅದು ಕೇಳಿದಂತಲ್ಲ. ನಮ್ಮ ಮನೆಯಲ್ಲಿ ಕೆಲಸ ಮಾಡುವ ಮಾವಶಿಗೆ ನಾನು ವರ್ಷಗಳ ಕಾಲ ಹಾಗೆಯೇ ಕೊಡುತ್ತಿದ್ದೆ, ಅವರು ಹಾಗೆಯೇ ತೆಗೆದುಕೊಳ್ಳುತ್ತಿದ್ದರು. ಒಂದು ವರ್ಷ ಡಬ್ಬಿ ತೋರಿಸದೆ, ಹಬ್ಬಕ್ಕೆ ವಾರ ಮೊದಲು, ಸಿಹಿ ಬೇಕಾ ಎಂದು ಕೇಳಿದೆ. ‘ನಕೊ, ತಾಯಿ’ ಎಂದು ಬೇಡವೆಂದರು. ಮನೆಯಲ್ಲಿ ಇಬ್ಬರಿಗೆ ಸಕ್ಕರೆ ಕಾಯಿಲೆ. ಹಿಂದಿನ ಡಬ್ಬಿಗಳನ್ನೆಲ್ಲ ಅವರು ಚಾಳಿನ ನೆರೆಯವರಿಗೆ ಕೊಟ್ಟುಬಿಡುತ್ತಿದ್ದರಂತೆ. ಏನು ಬೇಕೆಂದು ಕೇಳಿದ್ದಕ್ಕೆ ಚಿವಡಾ ಮಾಡಲು ತೆಳು ಪೋಹೆ, ಶೇಂಗಾ, ಎಣ್ಣೆ ಎಂದರು, ಅದೂ ಹಬ್ಬ ಶುರುವಾಗುವ ವಸುಬಾರಸಿಗೆ ಮೊದಲು, ಹಬ್ಬ ಮುಗಿದ ಮೇಲಲ್ಲ. ಬೋನಸ್ಸಿನ ಜೊತೆಗೆ ಅದನ್ನು ಕೊಟ್ಟೆ. ಡಬ್ಬಿ ಎದುರಿನ ಕಟ್ಟಡದ ಹುಡುಗನಿಗೆ ಹೋಯಿತು. ಪಾಡ್ಯದ ಬೆಳಿಗ್ಗೆ ಮಾವಶಿಯ ಮನೆಯಿಂದ ಸ್ಟೀಲಿನ ತಟ್ಟೆಯಲ್ಲಿ ಚಿವಡಾ ಬಂತು, ಮೇಲೆ ಕರಿಬೇವು ಗರಿಗರಿಯಾಗಿ ನಿಂತಿತ್ತು. ತಟ್ಟೆ ತೊಳೆದು ಒರೆಸಿ ಇಟ್ಟು, ಮರಳಿಸುವಾಗ ಹಾಕಲು ಚಕ್ಕುಲಿ ಎಷ್ಟು ಉಳಿದಿದೆಯೆಂದು ಡಬ್ಬದ ಮುಚ್ಚಳ ತೆಗೆದು ನೋಡಿದೆ.